ಕಣ್ಣು ನಮ್ಮದು, ನಂಬರು ಯಾರದು?

2025ರ ಜೂನ್‌ನಲ್ಲಿ ಶಾಲೆಗಳು ಬಾಗಿಲು ತೆರೆದ ವಾರ ಬಸವಕಲ್ಯಾಣದ ಹಳೇ ಊರಿನಲ್ಲಿರುವ ನಮ್ಮ ದೊಡ್ಡವ್ವನ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಅರ್ಧ ಹೊಲಿದ ಕೌದಿ ಮಡಚಿಟ್ಟಿತ್ತು. ಹಗಲು ಹನ್ನೊಂದು ಗಂಟೆಗೆ ದೊಡ್ಡವ್ವ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ಕೇಳಿದರೆ ಹೇಳಿದಳು: “ಹುಡುಗ್ರು ಸಾಲಿಗಿ ಹೋಗ್ಯಾವ ತಮ್ಮಾ. ಸೂಜ್ಯಾಗ ದಾರ ಹಾಕೋರು ಯಾರು?”

ಬೇಸಿಗೆ ರಜೆಯ ಎರಡು ತಿಂಗಳು ಓಣಿಯ ಮಕ್ಕಳು ಆಕೆಯ ಕಣ್ಣಾಗಿದ್ದರು. ಬೆಳಿಗ್ಗೆ ಒಬ್ಬನನ್ನು ಕೂಗಿ ಐದಾರು ಸೂಜಿಗೆ ಒಟ್ಟಿಗೇ ದಾರ ಪೋಣಿಸಿಕೊಂಡು ಹಳೇ ಸೀರೆಯ ಅಂಚಿಗೆ ಸಾಲಾಗಿ ಚುಚ್ಚಿಟ್ಟುಕೊಳ್ಳುತ್ತಿದ್ದಳು. ಒಂದು ಮುಗಿದರೆ ಇನ್ನೊಂದು. ಶಾಲೆ ಶುರುವಾದ ಮೇಲೆ ಹತ್ತು ಗಂಟೆಯೊಳಗೆ ಆರೂ ಸೂಜಿ ಖಾಲಿ. ಆಮೇಲೆ ಮಕ್ಕಳು ಸಂಜೆ ಮನೆಗೆ ಬರುವ ತನಕ ಕೌದಿಗೆ ರಜೆ. ಹೊಲಿಗೆ ಮರೆತಿಲ್ಲ. ಟಾಕು ಈಗಲೂ ಗೆರೆ ಎಳೆದ ಹಾಗೆ ಬೀಳುತ್ತದೆ, ಅದಕ್ಕೆ ಬೆರಳಿನ ನೆನಪೇ ಸಾಕು. ಆದರೆ ಸೂಜಿಯ ಕಣ್ಣು ಹುಡುಕಲು ಮನುಷ್ಯರ ಕಣ್ಣೇ ಬೇಕು.

ಇದಕ್ಕೆ ನಮ್ಮಲ್ಲಿ ‘ಚಾಳೀಸು’ ಅನ್ನುತ್ತಾರೆ. ಚಾಳೀಸು ಅಂದರೆ ನಲವತ್ತು. ಆ ವಯಸ್ಸಿನ ಸುಮಾರಿಗೆ ಕಣ್ಣೊಳಗಿನ ಮಸೂರ ಬಿಗಿಯಾಗಿ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬುವುದಿಲ್ಲ. ಇದು ರೋಗವಲ್ಲ, ತಲೆ ನರೆತಂತೆ ಎಲ್ಲರಿಗೂ ಬರುವಂಥದ್ದು. ಬಡವ ಬಲ್ಲಿದ ಎಂಬ ಭೇದ ಅದಕ್ಕಿಲ್ಲ. ಭೇದ ಶುರುವಾಗುವುದು ಅಂಗಡಿಯಲ್ಲಿ. ದೊಡ್ಡವ್ವನಿಗೆ ಈಗ ಅರವತ್ತೆರಡು. ಲೆಕ್ಕ ಹಾಕಿ ನೋಡಿದೆ: ಇಪ್ಪತ್ತು ವರ್ಷ ಆಕೆ ಮಸುಕಿನಲ್ಲೇ ಹೊಲಿದಿದ್ದಾಳೆ.

ಕನ್ನಡ ನಾಡಿಗೆ ಕನ್ನಡಕ ಹೊಸದೇನೂ ಅಲ್ಲ. ವಿಜಯನಗರದ ರಾಜಗುರು ವ್ಯಾಸರಾಯರು ಕನ್ನಡಕದ ನೆರವಿನಿಂದ ಗ್ರಂಥ ಓದುತ್ತಿದ್ದ ಸಂಗತಿ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿದೆ. ಸಂಶೋಧಕ ಪಿ.ಕೆ. ಗೋಡೆ ಅದನ್ನು ಸುಮಾರು 1520ರ ಕಾಲದ್ದೆಂದು ಗುರುತಿಸಿ, ಭಾರತದಲ್ಲಿ ಕನ್ನಡಕದ ಇತಿಹಾಸ ಬರೆದರು. ಪೋರ್ಚುಗೀಸರ ಹಡಗಿನಲ್ಲಿ ಬಂದಿರಬಹುದಾದ ಆ ಗಾಜು ರಾಜಗುರುವಿನ ಕೈಗೆ ಸಿಕ್ಕಿ ಐದು ಶತಮಾನ ಕಳೆದಿದೆ. ಕೌದಿ ಹೊಲಿಯುವ ಕೈಗೆ ಇನ್ನೂ ಸಿಕ್ಕಿರಲಿಲ್ಲ.

ಮರುದಿನವೇ ಆಕೆಯನ್ನು ಪೇಟೆಗೆ ಕರೆದುಕೊಂಡು ಹೋದೆ.

ಬಸವಕಲ್ಯಾಣದಲ್ಲಿ ಚಸ್ಮಾ ಅಂಗಡಿಗಳಿಗೆ ಬರವಿಲ್ಲ. ನಾವು ಹೋದ ಅಂಗಡಿಯ ಬೋರ್ಡಿನ ಮೇಲೆ ‘ಉಚಿತ ಕಂಪ್ಯೂಟರ್ ಕಣ್ಣು ತಪಾಸಣೆ’ ಎಂದು ದೊಡ್ಡದಾಗಿ ಬರೆದಿತ್ತು. ಒಳಗೆ ಹುಡುಗನೊಬ್ಬ ದೊಡ್ಡವ್ವನನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಇಡಿಸಿ, ಹಣೆ ಒತ್ತಿ ಹಿಡಿಯಲು ಹೇಳಿದ. ಆಕೆ ಒಳಗಿಣುಕಿ ಮಗುವಿನಂತೆ ಖುಷಿಪಟ್ಟಳು. “ಏ ತಮ್ಮಾ, ಒಳಗ ಒಂದು ದಾರಿ ಅದ. ದಾರಿ ತುದಿಗಿ ಬಲೂನ್ ಹಾರ್ಲಕತ್ತಾದ ನೋಡು!” ಆ ಬಲೂನು ಮಸುಕಾಗಿ ಮತ್ತೆ ಸ್ಪಷ್ಟವಾಗುವಷ್ಟರಲ್ಲಿ ಯಂತ್ರ ಕಣ್ಣನ್ನು ಅಳೆದು ಮುಗಿಸಿರುತ್ತದೆ. ಬಸ್ಸಿನ ಟಿಕೆಟಿನಂಥ ಕಾಗದ ಹೊರಗೆ ಬಂತು. ಹುಡುಗ ಅದನ್ನು ಹರಿದು ತನ್ನ ಡ್ರಾಯರಿಗೆ ಹಾಕಿಕೊಂಡ.

ಆಮೇಲೆ ಫ್ರೇಮುಗಳು ಬಂದವು. “ಆಯಿ, ಇದು ಬ್ರ್ಯಾಂಡೆಡ್ ಅದ, ಹಗುರ ಅದ” ಎನ್ನುತ್ತ ಒಂದೊಂದನ್ನೇ ಮುಖಕ್ಕೆ ಹಾಕಿ ಕನ್ನಡಿ ಹಿಡಿದ. ಫ್ರೇಮಿಗೆ 1,800. ಲೆನ್ಸಿಗೆ 1,400, ಅದರಲ್ಲಿ ಆಂಟಿಗ್ಲೇರ್, ಬ್ಲೂ ಕಟ್, ಅನ್‌ಬ್ರೇಕೆಬಲ್ ಎಲ್ಲ ಸೇರಿದೆಯಂತೆ. ಒಟ್ಟು 3,200 ರೂಪಾಯಿ. ದೊಡ್ಡವ್ವ ಕನ್ನಡಿಯನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟಳು. “ಮೂರು ಕೌದಿ ಹೊಲ್ದ್ರೂ ಇಷ್ಟು ರೊಕ್ಕ ಬರಲ್ಲ. ನಡಿ ತಮ್ಮಾ ಮನಿಗಿ.”

ಡ್ರಾಯರಿಗೆ ಹೋದ ಚೀಟಿಯನ್ನು ನಾನು ಕೇಳಿದೆ. “ಮಷೀನ್ ನಂಬರ್ ಫೈನಲ್ ಅಲ್ಲರಿ ಸರ್. ಚಸ್ಮಾ ಆರ್ಡರ್ ಮಾಡ್ರಿ, ಕಾರ್ಡ್ ಮಾಡಿ ಕೊಡ್ತೀವಿ” ಅಂದ. ಅವನ ಮೊದಲ ಮಾತು ನಿಜ. ಯಂತ್ರ ಕೊಡುವ ನಂಬರು ಬರೀ ಅಂದಾಜು. ಲೆನ್ಸ್ ಹಾಕಿ, ಅಕ್ಷರ ಓದಿಸಿ, ಹೆಚ್ಚುಕಡಿಮೆ ಮಾಡಿ ನೋಡಿದ ಮೇಲೇ ಅದು ಪಕ್ಕಾ ಆಗುವುದು. ಆದರೆ ಎರಡನೇ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಮೊದಲು ಆರ್ಡರ್, ಆಮೇಲೆ ಕಾರ್ಡ್. ನಮ್ಮ ಕಣ್ಣಿನ ಅಳತೆ ನಮ್ಮ ಕೈಗೆ ಬರಬೇಕಾದರೆ ಮೊದಲು ಅದೇ ಅಂಗಡಿಯಲ್ಲಿ ಕೊಳ್ಳಬೇಕು! ಕನ್ನಡಕದ ಬೆಲೆ ನಿಗದಿಯಾಗುವುದು ಈ ಒಂದು ಗಳಿಗೆಯಲ್ಲೇ ಎಂದು ಈಗ ನನಗೆ ಖಾತ್ರಿಯಾಗಿದೆ.

ಹುಮನಾಬಾದಿನಲ್ಲಿ ಇಪ್ಪತ್ತೈದು ವರ್ಷದಿಂದ ಚಸ್ಮಾ ಅಂಗಡಿ ಇಟ್ಟಿರುವ ಪರಿಚಯಸ್ಥರೊಬ್ಬರಿದ್ದಾರೆ. ಅವರ ಬಳಿ ಹೋಗಿ, ಲೆನ್ಸ್ ಅಂದರೆ ಏನು, ಅದರೊಳಗೆ ಅಷ್ಟು ರೊಕ್ಕದ್ದು ಏನಿದೆ ಎಂದು ನೇರವಾಗಿಯೇ ಕೇಳಿದೆ. ಅವರು ಬೇಸರಪಡಲಿಲ್ಲ. ಕೌಂಟರಿನ ಕೆಳಗಿನ ಉದ್ದನೆಯ ಡ್ರಾಯರ್ ಎಳೆದು ತೋರಿಸಿದರು. ಅದರ ತುಂಬ ಅಂಗೈ ಅಗಲದ ಕಾಗದದ ಲಕೋಟೆಗಳು, ಪಂಚಾಯ್ತಿಯ ಹಳೇ ಫೈಲಿನಂತೆ ಒತ್ತಾಗಿ ನಿಲ್ಲಿಸಿದ್ದವು. ಒಂದೊಂದರ ಮೇಲೂ ಮುದ್ರಿಸಿದ ನಂಬರು: +1.00, +1.25, +1.50, ಹೀಗೆ ಕಾಲು ಕಾಲು ಅಂತರದಲ್ಲಿ. ಒಂದನ್ನು ಬಿಚ್ಚಿದರು. ಒಳಗೆ ತೆಳು ಕಾಗದದಲ್ಲಿ ಸುತ್ತಿದ ದುಂಡನೆಯ ಬಿಲ್ಲೆ, ಸಣ್ಣ ತಟ್ಟೆಯಷ್ಟು ಅಗಲ, ನೀರಿನಂತೆ ತಿಳಿ.

“ಇದಾ ನೋಡ್ರಿ ಲೆನ್ಸು” ಅಂದರು. ಇದು ಗಾಜಲ್ಲ, ಪ್ಲಾಸ್ಟಿಕ್. ಅಂಗಡಿಯ ಭಾಷೆಯಲ್ಲಿ ‘ಫೈಬರ್’. ಅಮೆರಿಕದಲ್ಲಿ 1940ರ ದಶಕದಲ್ಲಿ ಕಂಡುಹಿಡಿದ ಸಿಆರ್-39 ಎಂಬ ರಾಳದಿಂದ ಮಾಡಿದ್ದು. ಸಾಧಾರಣ ನಂಬರಿನ ಲೆನ್ಸುಗಳೆಲ್ಲ ಹೀಗೆ ಕಾರ್ಖಾನೆಯಲ್ಲೇ ತಯಾರಾಗಿ, ಲಕೋಟೆಯಲ್ಲಿ ಕೂತು, ಗಿರಾಕಿಗಾಗಿ ಕಾಯುತ್ತಿರುತ್ತವೆ. ಅಂಗಡಿಯಲ್ಲಿ ಆಗುವ ಕೆಲಸ ಒಂದೇ: ಬಿಲ್ಲೆಯನ್ನು ಫ್ರೇಮಿನ ಆಕಾರಕ್ಕೆ ಸಾಣೆ ಹಿಡಿದು ಕೂರಿಸುವುದು. ಅದಕ್ಕೆ ‘ಫಿಟ್ಟಿಂಗ್’ ಅನ್ನುತ್ತಾರೆ. ಗಿರಾಕಿ ಎದುರಿನ ಹೋಟೆಲಿನಲ್ಲಿ ಚಹ ಕುಡಿದು ಬರುವಷ್ಟರಲ್ಲಿ ಮುಗಿಯುವ ಕೆಲಸ. ಕಣ್ಣಿನ ಉಬ್ಬು ಎಲ್ಲ ದಿಕ್ಕಿಗೂ ಸಮನಾಗಿರದವರಿಗೆ ಬೇಕಾಗುವ ಸಿಲಿಂಡರ್ ನಂಬರ್ ಜಾಸ್ತಿ ಇದ್ದರೆ, ದೂರಕ್ಕೂ ಹತ್ತಿರಕ್ಕೂ ಒಂದೇ ಆಗುವ ಪ್ರೋಗ್ರೆಸಿವ್ ಲೆನ್ಸ್ ಬೇಕಾದರೆ ಮಾತ್ರ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಆರ್ಡರ್ ಕಳಿಸಬೇಕಾಗುತ್ತದೆ.

“ಹಂಗಾದ್ರ ಇಷ್ಟು ರೇಟ್ ಯಾಕ್ರಿ?” ಅಂದೆ. ಅವರು ತುಸು ಹೊತ್ತು ಸುಮ್ಮನಿದ್ದು ಹೇಳಿದ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇನೆ: “ದಿನಕ್ಕ ಎರಡೋ ಮೂರೋ ಗಿರಾಕಿ ಸರ್. ಬಾಡಿಗಿ, ಲೈಟ್ ಬಿಲ್, ಹುಡುಗನ ಪಗಾರ, ಮಷೀನಿನ ಕಂತು, ಎಲ್ಲಾ ಆ ಮೂರು ಮಂದಿ ಮ್ಯಾಲೇ ಬೀಳಬೇಕು. ಫ್ರೇಮ್ ಡಜನ್‌ಗಟ್ಟಲೆ ತರ್ತೀವಿ, ಅರ್ಧ ಹೋಗಲ್ಲ. ಬಣ್ಣ ಹಳೇದಾಯ್ತು ಅಂತಾರ.” ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಕಿರಾಣಿ ಅಂಗಡಿಗೆ ಜನ ದಿನಾ ಹೋಗುತ್ತಾರೆ, ಚಸ್ಮಾ ಅಂಗಡಿಗೆ ಎರಡು ಮೂರು ವರ್ಷಕ್ಕೊಮ್ಮೆ. ಅಂಗಡಿ ಹೆಚ್ಚಾದಷ್ಟೂ ಗಿರಾಕಿ ಹಂಚಿಹೋಗುತ್ತಾರೆ, ಇದ್ದ ಗಿರಾಕಿಯ ಮೇಲೆ ಭಾರ ಹೆಚ್ಚುತ್ತದೆ. ಹತ್ತು ಅಂಗಡಿ ಇದ್ದರೆ ಪೈಪೋಟಿಯಲ್ಲಿ ದರ ಇಳಿಯುತ್ತದೆಂಬ ನಂಬಿಕೆ ತೊಗರಿ ಬೇಳೆಗೆ ಸರಿ, ಚಸ್ಮಾಕ್ಕೆ ಹೊಂದುವುದಿಲ್ಲ.

ಯಾಕೆ ಹೊಂದುವುದಿಲ್ಲ? ಬೇಳೆಯ ದರ ಚೀಲದ ಮೇಲೇ ಬರೆದಿರುತ್ತದೆ. ಒಂದು ಹಿಡಿ ಕೈಯಲ್ಲಿ ಹಿಡಿದು ನೋಡಬಹುದು, ಪಕ್ಕದ ಅಂಗಡಿಗೂ ಹೋಗಿ ಕೇಳಬಹುದು. ಲೆನ್ಸಿಗೆ ಹೆಸರಿಲ್ಲ, ಕಣ್ಣಿಗೆ ಕಾಣುವಂತೆ ಬರೆದ ದರವಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ನಮ್ಮಂಥವರಿಗೆ ತಿಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಳೆಯುವವರೂ ಅವರೇ, ಮಾರುವವರೂ ಅವರೇ. ಆ ಸ್ಟೂಲಿನ ಮೇಲೆ ಗದ್ದ ಇಟ್ಟು ಕೂತಿರುವಷ್ಟು ಹೊತ್ತು ನಮ್ಮ ಪಾಲಿಗೆ ಊರಿನಲ್ಲಿರುವುದು ಒಂದೇ ಅಂಗಡಿ.

ಈ ಗಂಟನ್ನು ಅಮೆರಿಕದವರು ಐವತ್ತು ವರ್ಷದ ಹಿಂದೆಯೇ ಬಿಡಿಸಿ ನೋಡಿದ್ದಾರೆ. ಅಲ್ಲಿಯ ಕೆಲವು ರಾಜ್ಯಗಳಲ್ಲಿ ಕನ್ನಡಕದ ದರವನ್ನು ಜಾಹೀರಾತಿನಲ್ಲಿ ಹೇಳುವುದಕ್ಕೇ ನಿಷೇಧವಿತ್ತು, ಕೆಲವು ಕಡೆ ಇರಲಿಲ್ಲ. ಲೀ ಬೆನ್‌ಹ್ಯಾಮ್ ಎಂಬ ಅರ್ಥಶಾಸ್ತ್ರಜ್ಞ ಎರಡೂ ಕಡೆಯ ದರವನ್ನು ಹೋಲಿಸಿ 1972ರಲ್ಲಿ ಪ್ರಕಟಿಸಿದರು. ದರ ಮುಚ್ಚಿಟ್ಟ ಕಡೆ ಜನ ಸರಾಸರಿ 33 ಡಾಲರ್ ಕೊಡುತ್ತಿದ್ದರು, ಬಿಚ್ಚಿಟ್ಟ ಕಡೆ 26. ಮುಂದೆ 1978ರಲ್ಲಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ತಂದಿತು: ಕಣ್ಣು ಪರೀಕ್ಷೆ ಮುಗಿದ ಕೂಡಲೇ, ಕೇಳಲಿ ಬಿಡಲಿ, ನಂಬರಿನ ಚೀಟಿಯನ್ನು ರೋಗಿಯ ಕೈಗೆ ಕೊಡಬೇಕು. ಅದಕ್ಕೆ ಬೇರೆ ಶುಲ್ಕ ಕೇಳುವಂತಿಲ್ಲ, ಇಲ್ಲೇ ಕೊಳ್ಳಬೇಕೆಂಬ ಷರತ್ತು ಹಾಕುವಂತಿಲ್ಲ. ಆ ಬಿಲ್ಲೆಯ ಬೆಲೆಯನ್ನು ಸರಕಾರ ಮುಟ್ಟಲೇ ಇಲ್ಲ. ಚೀಟಿಯನ್ನಷ್ಟೇ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿತು.

ಹಾಗಂತ ಅಮೆರಿಕದಲ್ಲಿ ಕನ್ನಡಕ ಅಗ್ಗವಾಗಿಬಿಟ್ಟಿದೆ ಅಂದುಕೊಳ್ಳಬೇಡಿ. ಅಂಗಡಿಯ ಮಟ್ಟದಲ್ಲಿ ತೆರೆದ ಬಾಗಿಲು ಮೇಲಿನ ಮಟ್ಟದಲ್ಲಿ ಮುಚ್ಚಿಕೊಂಡಿತು. ಇದು ಒಂದು ಕಂಪನಿಯ ಕತೆ, ಸ್ವಲ್ಪ ವಿವರವಾಗಿಯೇ ಹೇಳಬೇಕು.

ಇಟಲಿಯ ಲಿಯೊನಾರ್ಡೊ ಡೆಲ್ ವೆಕ್ಕಿಯೊ ಅನಾಥಾಲಯದಲ್ಲಿ ಬೆಳೆದ ಹುಡುಗ. 1961ರಲ್ಲಿ ಅಗೋರ್ಡೊ ಎಂಬ ಬೆಟ್ಟದೂರಿನಲ್ಲಿ ಕನ್ನಡಕದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ಹಾಕಿದರು. ಅದೇ ಲಕ್ಸೊಟಿಕಾ. ಅವರ ದುಡಿಮೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಪನಿ ಬೆಳೆದ ದಾರಿ ನೋಡಿ. 1995ರಲ್ಲಿ ಅಮೆರಿಕದ ದೊಡ್ಡ ಅಂಗಡಿ ಸರಪಳಿ ಲೆನ್ಸ್‌ಕ್ರಾಫ್ಟರ್ಸ್ ಅನ್ನೇ ಕೊಂಡಿತು. 1999ರಲ್ಲಿ ರೇಬ್ಯಾನ್ ಅನ್ನು 64 ಕೋಟಿ ಡಾಲರಿಗೆ ಕೊಂಡಿತು. 2001ರಲ್ಲಿ ಸನ್‌ಗ್ಲಾಸ್ ಹಟ್ ಎಂಬ ಇನ್ನೊಂದು ಅಂಗಡಿ ಸರಪಳಿಯೂ ಅದರದ್ದಾಯಿತು. ಓಕ್ಲೆ ಎಂಬ ಎದುರಾಳಿ ಕಂಪನಿಯ ಕನ್ನಡಕಗಳನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುತ್ತಿದ್ದುದು ಈ ಸನ್‌ಗ್ಲಾಸ್ ಹಟ್ ಸರಪಳಿಯೇ. ಅಂಗಡಿ ಕೈಬದಲಾಯಿಸಿದ ಮೇಲೆ ಓಕ್ಲೆಗೆ ಬರುತ್ತಿದ್ದ ಆರ್ಡರುಗಳು ಒಮ್ಮೆಲೇ ಕುಸಿದವು, ಅದರ ಷೇರೂ ಕುಸಿಯಿತು. 2007ರಲ್ಲಿ ಓಕ್ಲೆಯೂ ಲಕ್ಸೊಟಿಕಾದ ಪಾಲಾಯಿತು. ಕೊನೆಗೆ 2018ರಲ್ಲಿ, ಲೆನ್ಸ್ ತಯಾರಿಕೆಯಲ್ಲಿ ಜಗತ್ತಿಗೇ ದೊಡ್ಡದಾದ ಫ್ರಾನ್ಸಿನ ಎಸಿಲಾರ್ ಕಂಪನಿ ಮತ್ತು ಲಕ್ಸೊಟಿಕಾ ಒಂದಾದವು. ಫ್ರೇಮ್, ಲೆನ್ಸ್, ಬ್ರ್ಯಾಂಡ್, ಅಂಗಡಿ ನಾಲ್ಕೂ ಒಂದೇ ಸೂರಿನಡಿ. ಪ್ರಾಡಾ, ಶನೆಲ್ ಎಂದು ಬೇರೆ ಬೇರೆ ಹೆಸರು ಕೆತ್ತಿದ ಫ್ರೇಮುಗಳೂ ಅದೇ ಕಾರ್ಖಾನೆಗಳಲ್ಲಿ ಲೈಸೆನ್ಸಿನ ಮೇಲೆ ತಯಾರಾಗುತ್ತವೆ. ಗಿರಾಕಿಗೆ ಹತ್ತು ಕಂಪನಿಗಳ ನಡುವೆ ಆರಿಸಿದ ಸಮಾಧಾನ ಸಿಗುತ್ತದೆ, ರೊಕ್ಕ ಸೇರುವುದು ಒಂದೇ ಗಲ್ಲಾಪೆಟ್ಟಿಗೆಗೆ.

ಅಂಗಡಿಯವರು ತನ್ನ ಕನ್ನಡಕಗಳನ್ನು ಸ್ವಂತ ದರಕ್ಕೆ ಮಾರದಂತೆ ಕಟ್ಟಿಹಾಕಿದ್ದಕ್ಕೆ ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ 2021ರಲ್ಲಿ ಲಕ್ಸೊಟಿಕಾಕ್ಕೆ 12.5 ಕೋಟಿ ಯೂರೊ ದಂಡ ಹಾಕಿತು. ಲೆನ್ಸ್‌ಕ್ರಾಫ್ಟರ್ಸ್ ಸರಪಳಿಯನ್ನು 1983ರಲ್ಲಿ ಕಟ್ಟಿದ ಡೀನ್ ಬಟ್ಲರ್ ಅವರೇ 2019ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಮುಂದೆ ಒಳಗಿನ ಲೆಕ್ಕ ಬಿಚ್ಚಿಟ್ಟರು. ಆ ವರದಿಯ ಪ್ರಕಾರ ಒಳ್ಳೆಯ ಫ್ರೇಮ್ ನಾಲ್ಕರಿಂದ ಎಂಟು ಡಾಲರಿಗೆ ಸಿಗುತ್ತದೆ, ಉತ್ತಮ ಲೆನ್ಸ್ ಒಂದಕ್ಕೆ ಒಂದೂಕಾಲು ಡಾಲರ್. ಅದೇ ಸಾಮಾನು ಅಲ್ಲಿಯ ಅಂಗಡಿಗಳಲ್ಲಿ ನೂರಾರು ಡಾಲರಿಗೆ ಹೋಗುತ್ತದೆ.

ಇಟಲಿಯ ಕಂಪನಿಗೂ ಸಸ್ತಾಪುರ ಬಂಗ್ಲಾದಿಂದ ಒಳಗೆ ತಿರುಗಿದರೆ ಸಿಗುವ ನಮ್ಮ ಪೇಟೆಗೂ ಏನು ಸಂಬಂಧ ಎಂದು ಕೇಳಬಹುದು. ನಮ್ಮಲ್ಲಿ ಮಾರಾಟವಾಗುವ ಫ್ರೇಮುಗಳಲ್ಲಿ ಹೆಚ್ಚಿನವು ಚೀನಾದಿಂದಲೋ ದಿಲ್ಲಿಯ ಬಲ್ಲಿಮಾರಾನ್ ಸಗಟು ಪೇಟೆಯಿಂದಲೋ ಕೈಯಿಂದ ಕೈಗೆ ದಾಟಿ ಬರುವಂಥವು. ಇಲ್ಲಿ ಯಾರದೂ ಏಕಸ್ವಾಮ್ಯವಿಲ್ಲ. ಆದರೂ ಸಂಬಂಧವಿದೆ. ಒಳ್ಳೆಯ ಕನ್ನಡಕ ಅಂದರೆ ದುಬಾರಿ ಕನ್ನಡಕ ಎಂಬ ನಂಬಿಕೆ ಮೇಲಿನಿಂದಲೇ ಹರಿದು ಬಂದದ್ದು. ಒಂದು ತುದಿಯಲ್ಲಿ ಹತ್ತು ಸಾವಿರದ ಫ್ರೇಮು ಗಾಜಿನ ಕಪಾಟಿನಲ್ಲಿ ಕೂತಿದ್ದರೆ, ಇನ್ನೊಂದು ತುದಿಯಲ್ಲಿ ನೂರಿನ್ನೂರಕ್ಕೆ ತಂದದ್ದನ್ನು 1,800ಕ್ಕೆ ಹೇಳಲು ಧೈರ್ಯ ಬರುತ್ತದೆ. ಟೈಟನ್ 2007ರಲ್ಲಿ, ಲೆನ್ಸ್‌ಕಾರ್ಟ್ 2010ರಲ್ಲಿ ಈ ವ್ಯಾಪಾರಕ್ಕಿಳಿದ ಮೇಲೆ ಒಂದು ಒಳ್ಳೆಯದಾಯಿತು. ಫ್ರೇಮಿನ ಮೇಲೆ ದರದ ಚೀಟಿ ಅಂಟಿತು, ಮನೆಯಲ್ಲೇ ಕೂತು ಮೊಬೈಲಿನಲ್ಲಿ ದರ ನೋಡುವಂತಾಯಿತು. ಆದರೆ ಅಲ್ಲಿ ಆರ್ಡರ್ ಹಾಕಲು ಹೋದರೂ ಮೊದಲು ಕೇಳುವುದು ನಂಬರನ್ನೇ. ಚೀಟಿ ಇಲ್ಲದವರಿಗೆ ಆ ಪೈಪೋಟಿಯ ಲಾಭವೂ ಇಲ್ಲ.

ಬ್ಲೂ ಕಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾಕೆಂದರೆ ಈಗ ಪ್ರತಿ ಕನ್ನಡಕಕ್ಕೂ ಅದನ್ನು ಸೇರಿಸಿ ಮಾರುವುದು ವಾಡಿಕೆಯಾಗಿದೆ. ಮೊಬೈಲಿನ ನೀಲಿ ಬೆಳಕು ಕಣ್ಣು ಕೆಡಿಸುತ್ತದೆ, ಇದು ತಡೆಯುತ್ತದೆ ಅನ್ನುತ್ತಾರೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2023ರಲ್ಲಿ ಇಂಥ 17 ಪ್ರಯೋಗಗಳನ್ನು ಪರಿಶೀಲಿಸಿತು. ಪರದೆ ನೋಡಿ ಬರುವ ಕಣ್ಣಿನ ಆಯಾಸವನ್ನು ಈ ಲೆನ್ಸುಗಳು, ಅಲ್ಪಾವಧಿಯ ಮಟ್ಟಿಗಾದರೂ, ಸಾಧಾರಣ ಲೆನ್ಸಿಗಿಂತ ಹೆಚ್ಚಾಗಿ ತಗ್ಗಿಸುವುದಕ್ಕೆ ಪುರಾವೆ ಸಿಗಲಿಲ್ಲ. ನಮ್ಮ ದೊಡ್ಡವ್ವನ ಬಳಿ ಇರುವುದು ಗುಂಡಿ ಒತ್ತುವ ಫೋನು. ಆಕೆಯ ಲೆಕ್ಕಕ್ಕೂ ಬ್ಲೂ ಕಟ್ ಸೇರಿಸಿದ್ದರು.

ಸರಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ನಂಬರಿನ ಕನ್ನಡಕ, ಅದರ ಲೆನ್ಸ್ ಮತ್ತು ಫ್ರೇಮಿನ ಮೇಲೆ ಶೇ 12 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಯಿತು. ಇಳಿಸಿದ್ದು ನ್ಯಾಯವೇ. ಆದರೆ ನಮಗೆ ಹೇಳಿದ 3,200 ರೂಪಾಯಿಯ ಮೇಲೆ ಈ ಇಳಿಕೆಯನ್ನು ಪೂರ್ತಿ ಗಿರಾಕಿಗೇ ದಾಟಿಸಿದರೂ ಉಳಿಯುವುದು 200 ರೂಪಾಯಿ. ಭಾರ ಇರುವುದು ತೆರಿಗೆಯಲ್ಲಿ ಅಲ್ಲ. ಹೃದಯಕ್ಕೆ ಹಾಕುವ ಸ್ಟೆಂಟಿನ ಕತೆ ನೆನಪಿರಬಹುದು. ಲಕ್ಷ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟಿಗೆ 2017ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ 29,600 ರೂಪಾಯಿಯ ಮಿತಿ ಹಾಕಿತು. ಮಾತ್ರೆಗಳಿಗೆ ಜನೌಷಧಿ ಕೇಂದ್ರಗಳಿವೆ. ಕನ್ನಡಕಕ್ಕೆ ಇಂಥದ್ದೊಂದು ಕೌಂಟರು ತಾಲ್ಲೂಕು ಆಸ್ಪತ್ರೆಯ ಅಂಗಳದಲ್ಲಿ ಯಾಕಿರಬಾರದು? ಲಕೋಟೆಯ ಲೆನ್ಸು, ಗಟ್ಟಿಯಾದ ನಾಲ್ಕೈದು ನಮೂನೆಯ ಫ್ರೇಮು, ಗೋಡೆಯ ಮೇಲೆ ದರಪಟ್ಟಿ, ಇಷ್ಟೇ ಸಾಕು.

ಇದು ಆಗದ ಮಾತಲ್ಲ. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯವರು ಮಾಡಿ ತೋರಿಸಿದ್ದಾರೆ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಕಟ್ಟಿದ ಆಸ್ಪತ್ರೆ ಅದು. ಪೊರೆ ತೆಗೆದ ಕಣ್ಣಿನೊಳಗೆ ಕೂರಿಸುವ ಲೆನ್ಸ್ ಆಗ ವಿದೇಶದಿಂದ ಬರಬೇಕಿತ್ತು, ಬೆಲೆ ನೂರು ಡಾಲರಿನ ಆಸುಪಾಸು. ಅವರು 1992ರಲ್ಲಿ ಆರೋಲ್ಯಾಬ್ ಎಂಬ ಸ್ವಂತ ಕಾರ್ಖಾನೆ ಹಾಕಿ ಅದನ್ನು ಹತ್ತು ಡಾಲರಿನೊಳಗೆ ತಂದರು. ನಮ್ಮ ಭಾಗದ ಜನ ಕಣ್ಣಿಗಾಗಿ ಹೋಗುವ ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆ ಹಳ್ಳಿಗಾಡಿನಲ್ಲಿ ಸಣ್ಣ ಸಣ್ಣ ದೃಷ್ಟಿ ಕೇಂದ್ರಗಳನ್ನು ನಡೆಸುತ್ತದೆ. ಅಲ್ಲಿಯ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಕಣ್ಣು ನೋಡಿಸುತ್ತಾರೆ, ಕನ್ನಡಕವೂ ಅಲ್ಲೇ ಸಿಗುತ್ತದೆ. ನಮ್ಮ ರಾಜ್ಯ ಸರಕಾರದ ಆಶಾಕಿರಣ ಯೋಜನೆ ಮನೆಮನೆಯ ತಪಾಸಣೆ ಮತ್ತು ಉಚಿತ ಕನ್ನಡಕದ ಹಾದಿ ಹಿಡಿದಿದೆ. ಅದು ಒಂದು ಸಲದ ಅಭಿಯಾನವಾಗಿ ನಿಲ್ಲಬಾರದು. ಚಾಳೀಸಿನ ನಂಬರು ನಲವತ್ತಕ್ಕೆ ಒಂದು, ಐವತ್ತಕ್ಕೆ ಇನ್ನೊಂದು, ಅರವತ್ತಕ್ಕೆ ಮತ್ತೊಂದು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಇದು ಬರೀ ಪೇಪರ್ ಓದುವವರ ತೊಂದರೆಯಲ್ಲ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಹತ್ತಿರದ ಕನ್ನಡಕ ಪಡೆದವರು ಕಿತ್ತ ಎಲೆಯ ತೂಕ, ಪಡೆಯದವರಿಗಿಂತ ಸುಮಾರು ಶೇ 22 ಹೆಚ್ಚಾಯಿತು, ಐವತ್ತು ದಾಟಿದವರಲ್ಲಿ ಸುಮಾರು ಶೇ 32. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆಸಿದ ಇಂಥದ್ದೇ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಎಂಟು ತಿಂಗಳಲ್ಲಿ ಕನ್ನಡಕ ಹಾಕಿಕೊಂಡವರ ಗಳಿಕೆ ಮೂರನೇ ಒಂದು ಪಾಲಿನಷ್ಟು ಏರಿತ್ತು. ಚಾಳೀಸಿಗೆ ಕನ್ನಡಕ ಸಿಗದವರು ಜಗತ್ತಿನಲ್ಲಿ 82 ಕೋಟಿಗೂ ಮಿಕ್ಕಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು.

ನಮ್ಮದು ಕಲ್ಯಾಣ. ಇಲ್ಲಿ ಹನ್ನೆರಡನೆಯ ಶತಮಾನದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನವರ ಜೊತೆ ಸೂಜಿಕಾಯಕದ ರಾಮಿತಂದೆಯೂ ಇದ್ದರು. ಹೆಸರಿನಲ್ಲೇ ಸೂಜಿಯನ್ನು ಇಟ್ಟುಕೊಂಡ ಶರಣ. ದುಡಿಮೆಯನ್ನೇ ಪೂಜೆ ಎಂದು ಕಂಡ ಊರಿನಲ್ಲಿ ಒಬ್ಬಾಕೆಯ ಸೂಜಿ ಹಗಲು ಹತ್ತಕ್ಕೇ ನಿಲ್ಲುತ್ತದೆಂದರೆ ನನಗೆ ನೋವಾಗುತ್ತದೆ. ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ ವೆಲ್ಡರುಗಳಿದ್ದಾರೆ, ಪೇಟೆಯಲ್ಲಿ ಅಕ್ಕಸಾಲಿಗರು, ಟೇಲರುಗಳಿದ್ದಾರೆ, ರಾತ್ರಿ ಇಡೀ ಹೈವೇ ಮೇಲೆ ಗಾಡಿ ಓಡಿಸುವ ಡ್ರೈವರುಗಳಿದ್ದಾರೆ. ಎಷ್ಟು ಜನ ಅಂದಾಜಿನ ಮೇಲೆ ಕೆಲಸ ಮಾಡುತ್ತಿದ್ದಾರೋ!

ಅಂಗಡಿಯಿಂದ ಬರಿಗೈಯಲ್ಲಿ ಮರಳಿದ ಆ ವಾರವೇ ದೊಡ್ಡವ್ವನನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದೆ. ಸರದಿಯಲ್ಲಿ ಒಂದೂವರೆ ತಾಸು ಕೂತೆವು. ನೇತ್ರಾಧಿಕಾರಿ ಆಕೆಯ ಮೂಗಿನ ಮೇಲೆ ದುಂಡನೆಯ ಕಬ್ಬಿಣದ ಚೌಕಟ್ಟು ಕೂರಿಸಿ, ಒಂದೊಂದೇ ಬಿಲ್ಲೆ ಬದಲಿಸುತ್ತ ಹೋದರು. ಆಕೆಗೆ ಓದು ಬಾರದು. ಅಕ್ಷರ ಓದುವ ಬದಲು ಇಂಗ್ಲಿಷಿನ ‘E’ ಆಕಾರದ ಗುರುತಿನ ಬಾಯಿ ಯಾವ ಕಡೆ ತಿರುಗಿದೆ ಎಂದು ಬೆರಳಿನಿಂದ ತೋರಿಸಿದಳು. ಕೊನೆಗೆ ಹತ್ತಿರದ್ದು ನೋಡಲು ತನ್ನ ಬ್ಲೌಸಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನೇ ತೆಗೆದು ಕಣ್ಣ ಮುಂದೆ ಹಿಡಿದಳು. ಸೂಜಿಯನ್ನು ಅತ್ತಿತ್ತ ತಿರುಗಿಸಿ, “ತೂತು ಕಾಣ್ಲಕತ್ತಾದ್ರಿ” ಅಂದಳು. ಎಡಗಣ್ಣಿನಲ್ಲಿ ಪೊರೆ ಶುರುವಾಗಿದೆ, ಈಗಲೇ ಆಪರೇಷನ್ ಬೇಡ, ವರ್ಷಕ್ಕೊಮ್ಮೆ ತೋರಿಸಿ ಎಂದು ಹೇಳಿ, ಅವರು ಚೀಟಿ ಬರೆದುಕೊಟ್ಟರು. ಯಾರೂ ಏನೂ ಕೊಳ್ಳಲು ಹೇಳಲಿಲ್ಲ.

ಚೀಟಿಯಲ್ಲಿ ಏನಿರುತ್ತದೆಂದು ಎಲ್ಲರೂ ತಿಳಿದಿರುವುದು ಒಳ್ಳೆಯದು. ‘ಆರ್’ ಅಂದರೆ ಬಲಗಣ್ಣು, ‘ಎಲ್’ ಅಂದರೆ ಎಡಗಣ್ಣು. ‘ಎಸ್‌ಪಿಎಚ್’ ಕೆಳಗಿನದು ಮುಖ್ಯ ನಂಬರು. ಪ್ಲಸ್ಸೋ ಮೈನಸ್ಸೋ ನೋಡಿಕೊಳ್ಳಿ, ಗುರುತು ತಪ್ಪಿದರೆ ಕನ್ನಡಕವೇ ತಪ್ಪು. ‘ಸಿವೈಎಲ್’, ‘ಆಕ್ಸಿಸ್’ ಎಂಬ ಎರಡು ಮನೆ ತುಂಬಿದ್ದರೆ ಸಿಲಿಂಡರ್ ನಂಬರ್ ಇದೆ ಎಂದರ್ಥ. ‘ಆಡ್’ ಅಂದರೆ ಚಾಳೀಸಿಗಾಗಿ ಮೇಲೆ ಕೂಡಿಸಬೇಕಾದ್ದು. ದೊಡ್ಡವ್ವನ ಬಲಗಣ್ಣಿಗೆ +0.50, ಎಡಗಣ್ಣಿಗೆ +0.75, ಎರಡಕ್ಕೂ ಆಡ್ +2.50. ಅಂದರೆ ಹೊಲಿಗೆಗೆ +3.00 ಮತ್ತು +3.25. ಇನ್ನೊಂದು ಉಂಟು, ‘ಪಿಡಿ’: ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ. ಇದನ್ನು ಎಷ್ಟೋ ಕಡೆ ಬರೆಯುವುದೇ ಇಲ್ಲ, ಕೇಳಿ ಬರೆಸಿಕೊಳ್ಳಬೇಕು. ಈ ಐದಾರು ಅಂಕಿ ಕೈಯಲ್ಲಿದ್ದರೆ ಬೀದರಿನಲ್ಲೂ ಕಲಬುರ್ಗಿಯಲ್ಲೂ ಉಮರ್ಗಾದಲ್ಲೂ ಮೊಬೈಲಿನಲ್ಲೂ ದರ ಕೇಳಬಹುದು.

ಚೀಟಿ ಹಿಡಿದುಕೊಂಡು ಮೊದಲಿನ ಅಂಗಡಿಗೇ ಹೋದೆ. ಹುಡುಗ ಚೀಟಿ ನೋಡಿದ, ನನ್ನ ಮುಖ ನೋಡಿದ. “ಸಾದಾ ಫೈಬರ್, ಸಾದಾ ಫ್ರೇಮ್ ಹಾಕಿದ್ರ 1,350 ಆಗ್ತದ್ರಿ” ಅಂದ. ಸಾದಾ ಲೆನ್ಸ್, ಸಾದಾ ಫ್ರೇಮ್ ಅವನ ಬಳಿ ಮೊದಲೂ ಇದ್ದವು. ಆ ದಿನ ಅವುಗಳ ಮಾತೇ ಬಂದಿರಲಿಲ್ಲ. ಎರಡನೇ ಅಂಗಡಿಯಲ್ಲಿ 800 ಹೇಳಿದರು. ಹುಮನಾಬಾದಿನ ಪರಿಚಯಸ್ಥರು 650ಕ್ಕೆ ಮಾಡಿಕೊಟ್ಟರು. ಪಾಪೆಯ ಅಂತರ ಮತ್ತೆ ಅಳೆದು, ಮೂಗಿನ ಮೇಲೆ ಜಾರದಂತೆ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿಯೂ ಕೊಟ್ಟರು. ಅವರಿಗೂ ಅದರಲ್ಲಿ ಲಾಭ ಉಳಿಯಿತು. ಅವರೇ ಹೇಳಿದ ಮಾತು.

ಸಂತೆಯಲ್ಲಿ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ನೂರೈವತ್ತು ರೂಪಾಯಿಗೆ ಸಿಗುವ ರೆಡಿಮೇಡ್ ಚಸ್ಮಾ ಹಾಕಿಕೊಂಡರೆ ಆಗದೇ ಎಂದು ಬಹಳ ಜನ ಕೇಳುತ್ತಾರೆ. ಎರಡೂ ಕಣ್ಣಿನ ನಂಬರು ಒಂದೇ ಇದ್ದು, ಸಿಲಿಂಡರ್ ಇಲ್ಲದಿದ್ದರೆ ಹೊಲಿಗೆಗೆ, ಓದಿಗೆ ಅದು ಸಾಕು. ಅಸ್ಸಾಮಿನಲ್ಲಿ, ಬಾಂಗ್ಲಾದಲ್ಲಿ ಕೊಟ್ಟದ್ದೂ ದುಬಾರಿ ಕನ್ನಡಕವಲ್ಲ. ಅದರಿಂದ ಕಣ್ಣು ಕೆಡುವುದಿಲ್ಲ. ಆದರೆ ಸಂತೆಯವರು ಕಣ್ಣಿನೊಳಗೆ ನೋಡುವುದಿಲ್ಲ. ದೊಡ್ಡವ್ವನ ಪೊರೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ಗ್ಲಾಕೋಮ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಪರದೆಗೆ ಆಗುವ ಹಾನಿ ಇವೆಲ್ಲ ಮೊದಮೊದಲು ನೋವಿಲ್ಲದೆ, ಸದ್ದಿಲ್ಲದೆ ಬರುತ್ತವೆ. ಕನ್ನಡಕ ಎಲ್ಲಾದರೂ ಕೊಳ್ಳಿ, ಕಣ್ಣನ್ನು ಮಾತ್ರ ಕಣ್ಣಿನವರಿಗೇ ತೋರಿಸಿ.

ಈಗ ದೊಡ್ಡವ್ವ ಆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದೇವರ ಮಾಡದಲ್ಲಿ ಇಟ್ಟಿದ್ದಾಳೆ. ಹೋದ ತಿಂಗಳು ನಾನು ಅಲ್ಲಿದ್ದಾಗಲೇ ಪಕ್ಕದ ಮನೆಯಾಕೆ ಬಂದು, ನನಗೂ ಸೂಜಿ ಕಾಣುತ್ತಿಲ್ಲ, ಆ ಚೀಟಿ ಒಂದಿಷ್ಟು ಕೊಡು, ಅದನ್ನೇ ತೋರಿಸಿ ಅಗ್ಗದಲ್ಲಿ ನಾನೂ ಒಂದು ಮಾಡಿಸಿಕೊಳ್ಳುತ್ತೇನೆ ಎಂದಳು. ದೊಡ್ಡವ್ವ ಕೌದಿಯಿಂದ ತಲೆ ಎತ್ತಲಿಲ್ಲ.

“ಅದು ನನ್ನ ಕಣ್ಣಿನ ನಂಬರದ ಯವ್ವಾ, ನಿನಗ್ಯಾಂಗ ಬರ್ತದ? ನಾಳಿ ಮುಂಜಾನಿ ದವಾಖಾನಿಗಿ ನಡಿ, ನಾನೂ ಬರ್ತೀನಿ. ನಿಂದು ನೀ ಬರೆಸ್ಕೋ.”